ಪತ್ರವಿಲ್ಲದ ಹಿಂಬಡ್ತಿ

ಟೀಮ್ ಲೀಡ್ ಸ್ಥಾನ ಹೋಯಿತು ಎಂಬ ಸುದ್ದಿ ನಮ್ಮ ಐಟಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಪತ್ರದ ಮೂಲಕ ಬರುವುದಿಲ್ಲ. ತಂಡದ ಹುಡುಗನೊಬ್ಬ ಸಂಕೋಚಪಡುತ್ತಾ ಬಂದು, ‘ಸರ್, ನನ್ನ ರಜೆ ಅರ್ಜಿ ನಿಮಗೆ ಹೋಗ್ತಾ ಇಲ್ಲ, ಬೇರೆಯವರ ಹೆಸರು ತೋರಿಸ್ತಿದೆ’ ಅನ್ನುತ್ತಾನೆ. ಎಚ್‌ಆರ್ ಪೋರ್ಟಲ್ ತೆರೆದು ನೋಡಿದರೆ ನಿನ್ನೆಯವರೆಗೆ ನಿಮ್ಮ ಹೆಸರಿನ ಕೆಳಗಿದ್ದ ಎಂಟು ಹೆಸರುಗಳು ಅಲ್ಲಿಲ್ಲ. ಬೆಳಗಿನ ಮೀಟಿಂಗಿಗೆ ಕರೆ ಕಳಿಸಿದವರು ಇನ್ಯಾರೋ. ಕ್ಲೈಂಟ್ ಜತೆಗಿನ ವಾರದ ಕಾಲ್ ಕ್ಯಾಲೆಂಡರಿನಿಂದ ಮಾಯವಾಗಿದೆ. ಮ್ಯಾನೇಜರ್ ಬಳಿ ಹೋದರೆ, ‘ಏನಿಲ್ಲ, ಸಣ್ಣ ರೀಸ್ಟ್ರಕ್ಚರಿಂಗ್, ನೀವು ಟೆಕ್ನಿಕಲ್ ಕಡೆ ಗಟ್ಟಿ ಇದ್ದೀರಲ್ಲ, ಅದರ ಮೇಲೆ ಗಮನ ಕೊಡಿ’ ಎಂಬ ಉತ್ತರ.

ಪೀಣ್ಯದ ಕಾರ್ಖಾನೆಗಳಲ್ಲಿ ಇದರ ರೂಪ ಬೇರೆ. ಶಿಫ್ಟ್ ಇನ್‌ಚಾರ್ಜ್ ಆಗಿದ್ದವರ ಮುಂದೆ ಓವರ್‌ಟೈಮ್ ಚೀಟಿಗಳು ಸಹಿಗೆ ಬರುವುದು ನಿಲ್ಲುತ್ತದೆ. ಟೂಲ್ ರೂಮಿನ ಬೀಗದ ಕೈ ಇನ್ನೊಬ್ಬರ ಕೈ ಸೇರುತ್ತದೆ. ‘ಸ್ವಲ್ಪ ದಿನ ಮಷೀನ್ ನೋಡ್ಕೊಳ್ಳಿ’ ಎಂದು ಮಾಲೀಕರು ಬಾಯಿಮಾತಿನಲ್ಲಿ ಹೇಳುತ್ತಾರೆ. ಆ ಸ್ವಲ್ಪ ದಿನ ಎಷ್ಟು ದಿನ ಎಂದು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಎರಡೂ ಕಡೆ ಒಂದೇ ಮಾತು: ಸಂಬಳ ಕಡಿಮೆ ಮಾಡಿಲ್ಲವಲ್ಲ, ಮತ್ತೇನು ತೊಂದರೆ? ಮೇಲಿನವರು ಹೀಗೆ ಕೇಳುತ್ತಾರೆ. ಮನೆಯವರೂ ಒಮ್ಮೊಮ್ಮೆ ಕೇಳುತ್ತಾರೆ. ತೊಂದರೆ ಇದೆ. ಮುಂದಿನ ಗ್ರೇಡಿಗೆ ಏರಬೇಕಾದರೆ ಎಷ್ಟು ಜನರ ತಂಡ ನಡೆಸಿದ್ದೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇರೆ ಕಂಪನಿಯ ಸಂದರ್ಶನದಲ್ಲಿ ‘ಈಗ ಯಾಕೆ ಲೀಡ್ ಮಾಡುತ್ತಿಲ್ಲ?’ ಎಂದು ಮೊದಲ ಹತ್ತು ನಿಮಿಷದಲ್ಲೇ ಕೇಳುತ್ತಾರೆ. ಹಾವೇರಿಯಿಂದಲೋ ಹಾಸನದಿಂದಲೋ ಬಂದು ಬೊಮ್ಮಸಂದ್ರದಲ್ಲಿ ಮನೆ ಮಾಡಿದವರ ಅಪ್ಪ ಊರಿನಲ್ಲಿ ‘ನಮ್ಮ ಹುಡುಗನ ಕೈಕೆಳಗೆ ಹತ್ತು ಜನ ಇದ್ದಾರೆ’ ಎಂದು ಹೇಳಿಕೊಂಡಿರುತ್ತಾರೆ. ನಿನ್ನೆ ತಾನು ಕೆಲಸ ಹೇಳಿಕೊಟ್ಟವನ ಎದುರು ಇವತ್ತು ತಾನೇ ಲೆಕ್ಕ ಒಪ್ಪಿಸಬೇಕಾದ ಸ್ಥಿತಿಯನ್ನು ಸಂಬಳದ ಚೀಟಿ ತೋರಿಸಿ ಸಮಾಧಾನ ಮಾಡಲು ಆಗುವುದಿಲ್ಲ.

ಮಧ್ಯದ ಹಂತದವರಿಗೆ ಈಗ ಕಾಲ ಸುಲಭವಾಗಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಅದರಲ್ಲಿ ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರೇ ಇರುತ್ತಾರೆ ಎಂದು ತಿಳಿಸಿತ್ತು. ಅಂಥ ಸುದ್ದಿ ಓದಿದವರು ತಮ್ಮ ಸ್ಥಾನ ಇಳಿದಾಗ ‘ಕೆಲಸವೇ ಹೋಗಲಿಲ್ಲವಲ್ಲ’ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಹಾಗೆ ಬಾಯಿ ಮುಚ್ಚಿಕೊಳ್ಳುವುದರಿಂದಲೇ ಹೆಚ್ಚು ನಷ್ಟವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಿದೆ.

ಹಿಂಬಡ್ತಿ ಎಂದ ಕೂಡಲೇ ಕರ್ನಾಟಕದಲ್ಲಿ ಎಲ್ಲರಿಗೂ ನೆನಪಾಗುವುದು ಸರ್ಕಾರಿ ನೌಕರರ ಪ್ರಕರಣ. ಬಡ್ತಿ ಮೀಸಲಾತಿಯಿಂದ ಮೇಲೇರಿದವರಿಗೆ ತತ್ಪರಿಣಾಮದ ಜ್ಯೇಷ್ಠತೆ ನೀಡಿದ್ದ ರಾಜ್ಯದ 2002ರ ಕಾಯ್ದೆಯ ಮುಖ್ಯ ಕಲಂಗಳನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿ 9ರಂದು ಬಿ.ಕೆ. ಪವಿತ್ರ ಪ್ರಕರಣದಲ್ಲಿ ರದ್ದು ಮಾಡಿತು. ಜ್ಯೇಷ್ಠತಾ ಪಟ್ಟಿಗಳನ್ನು ಹೊಸದಾಗಿ ಬರೆಯಲಾಯಿತು. ಹಲವು ಇಲಾಖೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ನೌಕರರು ಹಿಂಬಡ್ತಿ ಪಡೆದರು. ರಾಜ್ಯ ಹೊಸ ಕಾಯ್ದೆ ತಂದಿತು, 2018ರಲ್ಲಿ ರಾಷ್ಟ್ರಪತಿಯವರ ಅಂಕಿತ ಸಿಕ್ಕಿತು, 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿವಾದದಲ್ಲಿ ಎರಡೂ ಬದಿಯವರಿಗೆ ಅನ್ಯಾಯದ ಅನುಭವ ಇತ್ತು, ನೋವು ಇತ್ತು. ಆದರೆ ಒಂದು ವಿಷಯ ಗಮನಿಸಿ. ಯಾರು ಕೆಳಗಿಳಿದರು, ಯಾವ ದಿನದಿಂದ, ಯಾವ ಪಟ್ಟಿಯ ಆಧಾರದಲ್ಲಿ ಎಂಬುದೆಲ್ಲ ಕಾಗದದ ಮೇಲಿತ್ತು. ಕಾಗದದ ಮೇಲಿದ್ದದ್ದನ್ನು ಪ್ರಶ್ನಿಸಲು ಸಾಧ್ಯವಾಯಿತು, ಬದಲಿಸಲೂ ಸಾಧ್ಯವಾಯಿತು.

ಸರ್ಕಾರಿ ನೌಕರರಿಗೆ ಈ ರಕ್ಷಣೆ ಸಂವಿಧಾನದಿಂದಲೇ ಬಂದದ್ದು. 311ನೇ ವಿಧಿಯ ಪ್ರಕಾರ ವಿಚಾರಣೆ ನಡೆಸದೆ, ಆರೋಪ ತಿಳಿಸದೆ, ಉತ್ತರಿಸಲು ಅವಕಾಶ ಕೊಡದೆ ಯಾರನ್ನೂ ವಜಾ ಮಾಡುವಂತಿಲ್ಲ, ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತೆಯೂ ಇಲ್ಲ. ವಿರಳ ವಿನಾಯಿತಿಗಳು ಅದೇ ವಿಧಿಯಲ್ಲಿವೆ. ಇಳಿಸಿದ್ದು ಶಿಕ್ಷೆಯೋ ಬರೀ ಆಡಳಿತದ ಹೊಂದಾಣಿಕೆಯೋ ಎಂದು ಅಳೆಯುವ ಬಗೆಯನ್ನು ಸುಪ್ರೀಂ ಕೋರ್ಟ್ 1957ರ ನವೆಂಬರಿನಲ್ಲೇ ಪರಶೋತ್ತಮ ಲಾಲ್ ಧಿಂಗ್ರಾ ಪ್ರಕರಣದಲ್ಲಿ ಹೇಳಿತು. ಧಿಂಗ್ರಾ ರೈಲ್ವೆಯಲ್ಲಿ ಮೇಲಿನ ಹುದ್ದೆಯ ಪ್ರಭಾರದಲ್ಲಿದ್ದರು, ಮೂಲ ಹುದ್ದೆಗೆ ವಾಪಸ್ ಕಳಿಸಲಾಯಿತು. ಪ್ರಭಾರದ ಹುದ್ದೆಯ ಮೇಲೆ ಹಕ್ಕಿಲ್ಲ ಎಂಬ ಕಾರಣಕ್ಕೆ ಅವರು ಸೋತರು. ಆದರೂ ತೀರ್ಪಿನಲ್ಲಿ ಉಳಿದ ಅಳತೆಗೋಲು ಮುಖ್ಯ: ಹುದ್ದೆಯ ಮೇಲೆ ಹಕ್ಕು ಇತ್ತೇ? ಸಂಬಳ, ಜ್ಯೇಷ್ಠತೆ ಹೋಯಿತೇ? ಮುಂದಿನ ಬಡ್ತಿಯ ಅವಕಾಶ ಹಿಂದೆ ಬಿತ್ತೇ? ‘ಸಂಬಳ ಅಷ್ಟೇ ಇದೆಯಲ್ಲ’ ಅನ್ನುವವರಿಗೆ ಈ ಕೊನೆಯ ಪ್ರಶ್ನೆಯಲ್ಲಿ ಉತ್ತರ ಇದೆ.

ಖಾಸಗಿ ಕಂಪನಿಯವರಿಗೆ 311ನೇ ವಿಧಿ ಅನ್ವಯಿಸುವುದಿಲ್ಲ. ಹಾಗಾದರೆ ಏನೂ ಇಲ್ಲವೇ? ಇದೆ, ಮತ್ತು ಇದು ಬಹಳ ಜನ ಟೆಕ್ಕಿಗಳಿಗೆ ಗೊತ್ತಿಲ್ಲ.

ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್, ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸಿನಂತೆ, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಅದು ಪೀಣ್ಯದಂತೆಯೇ ಒಂದು ಕೈಗಾರಿಕಾ ಪ್ರದೇಶ. ಕೈಗಾರಿಕೆಗಳಲ್ಲಿ ಕೆಲಸದ ನಿಯಮ, ದುರ್ನಡತೆ, ಶಿಸ್ತುಕ್ರಮ ಇವನ್ನೆಲ್ಲ ಬರೆದಿಡಬೇಕೆಂದು ಹೇಳುತ್ತಿದ್ದ ಕಾನೂನು 1946ರ ಸ್ಥಾಯಿ ಆದೇಶಗಳ ಕಾಯ್ದೆ. ಸಾಫ್ಟ್‌ವೇರ್ ಉದ್ಯಮ ಬೆಳೆದಂತೆ ರಾಜ್ಯ ಸರ್ಕಾರ ಐಟಿ, ಐಟಿಇಎಸ್ ಕಂಪನಿಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಡುತ್ತಾ ಬಂತು. 2014ರಲ್ಲಿ ಐದು ವರ್ಷ, 2019ರ ಮೇನಲ್ಲಿ ಮತ್ತೆ ಐದು ವರ್ಷ, 2024ರಲ್ಲಿ ಇನ್ನೊಮ್ಮೆ. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ 2017ರಲ್ಲಿ ಹುಟ್ಟಿದಾಗಿನಿಂದ ಈ ವಿನಾಯಿತಿಯ ವಿರುದ್ಧ ಹೋರಾಡುತ್ತಿದೆ. ಹೋರಾಟಕ್ಕೆ ನನ್ನ ಬೆಂಬಲ ಇದೆ, ಅದಿರಲಿ. ಮುಖ್ಯ ವಿಷಯ ಏನೆಂದರೆ, ಈ ವಿನಾಯಿತಿ ಪುಕ್ಕಟೆ ಕೊಟ್ಟದ್ದಲ್ಲ, ಷರತ್ತುಗಳಿವೆ. ನೌಕರರು ಮತ್ತು ಆಡಳಿತದವರು ಸಮಾನ ಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು. ಲೈಂಗಿಕ ಕಿರುಕುಳ ತಡೆ ಸಮಿತಿ ಇರಬೇಕು. ಅಮಾನತು, ವಜಾ, ಕೆಲಸದಿಂದ ಬಿಡುಗಡೆಯಂಥ ಶಿಸ್ತುಕ್ರಮಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಯ ಉಪ ಆಯುಕ್ತರಿಗೂ ಆಯುಕ್ತರಿಗೂ ತಿಳಿಸಬೇಕು. ಆ ಪಟ್ಟಿಯಲ್ಲಿ ಹಿಂಬಡ್ತಿಯ ಹೆಸರೂ ಇದೆ.

ಕಂಪನಿ ಪತ್ರ ಕೊಡದೆ ‘ರೋಲ್ ಚೇಂಜ್’ ಎಂದು ಬಾಯಲ್ಲಿ ಹೇಳಿ ಮುಗಿಸುವುದಕ್ಕೆ ಇದೂ ಒಂದು ಕಾರಣವಾಗಬಹುದು. ಶಿಸ್ತುಕ್ರಮ ಎಂದು ಬರೆದರೆ ಇಲಾಖೆಗೆ ತಿಳಿಸಬೇಕು, ಕಾರಣ ಕೊಡಬೇಕು, ಕಾರಣಕ್ಕೆ ಆಧಾರ ಬೇಕು. ಬರೆಯದೇ ಇದ್ದರೆ ಯಾವುದೂ ಬೇಡ. ಆದ್ದರಿಂದ ಸ್ಥಾನ ಕಳೆದುಕೊಂಡವರು ಮಾಡಬೇಕಾದ ಮೊದಲ ಕೆಲಸ ಕಾಗದ ಹುಟ್ಟಿಸುವುದು. ಜಗಳದ ಇಮೇಲ್ ಬೇಡ. ಐದಾರು ಸಾಲು ಸಾಕು: ‘ಕಳೆದ ಸೋಮವಾರದಿಂದ ತಂಡದ ಹೊಣೆ ನನ್ನಿಂದ ಬೇರೆಯವರಿಗೆ ಹೋಗಿರುವುದನ್ನು ಗಮನಿಸಿದ್ದೇನೆ. ಈ ಬದಲಾವಣೆಗೆ ಕಾರಣವೇನು, ಇದು ತಾತ್ಕಾಲಿಕವೇ ಶಾಶ್ವತವೇ, ನನ್ನ ಗ್ರೇಡ್, ಬೋನಸ್, ಈ ವರ್ಷದ ಅಪ್ರೈಸಲ್ ಮೇಲೆ ಇದರ ಪರಿಣಾಮವೇನು, ನನ್ನ ಕೆಲಸದಲ್ಲಿ ಕೊರತೆ ಕಂಡಿದ್ದರೆ ಅದು ಯಾವುದು ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ.’ ಮ್ಯಾನೇಜರಿಗೆ ಕಳಿಸಿ, ಎಚ್‌ಆರ್‌ಗೆ ಪ್ರತಿ ಹಾಕಿ. ಉತ್ತರ ಬಂದರೆ ಅದೇ ದಾಖಲೆ. ಬಾರದಿದ್ದರೆ ನೀವು ಕೇಳಿದ್ದು, ಅವರು ಹೇಳದೇ ಇದ್ದದ್ದು ದಾಖಲೆ. ಬಾಯಿಮಾತಿನ ಸಭೆ ನಡೆದರೆ ಅದೇ ಸಂಜೆ ‘ಇಂದು ಮಾತನಾಡಿದಂತೆ’ ಎಂದು ಸಾರಾಂಶ ಬರೆದು ಕಳಿಸಿ.

ಇಲ್ಲೊಂದು ಎಚ್ಚರಿಕೆ. ಹಳೆಯ ಅಪ್ರೈಸಲ್ ಪತ್ರ, ಇನ್‌ಕ್ರಿಮೆಂಟ್ ಪತ್ರ, ನೇಮಕಾತಿ ಪತ್ರ ನಿಮ್ಮ ಬಳಿ ಇರಲಿ. ಆದರೆ ಸಿಟ್ಟಿನಲ್ಲಿ ಪ್ರಾಜೆಕ್ಟಿನ ಕಡತಗಳನ್ನು, ಕ್ಲೈಂಟ್ ಇಮೇಲುಗಳನ್ನು ಸ್ವಂತ ಜಿಮೇಲಿಗೆ ಕಳಿಸಬೇಡಿ. ನಿಮ್ಮ ಮೇಲೆ ನಿಜವಾದ ಆರೋಪ ಹೊರಿಸಲು ಅಷ್ಟು ಸಾಕು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. 1946ರ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಎರಡೂ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿಕೊಂಡಿವೆ. ಹಳೆಯ ಕಾಯ್ದೆಗಳಡಿ ಹೊರಡಿಸಿದ ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಮುಂದುವರಿಯುತ್ತವೆ ಎಂದು ಅದರಲ್ಲೇ ಹೇಳಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ. ಘಟನೆ ನಡೆದು ಒಂದು ವರ್ಷದೊಳಗೆ ಅರ್ಜಿ ಕೊಡಬಹುದು, ಸಮಿತಿ 30 ದಿನದಲ್ಲಿ ವಿಚಾರಣೆ ಮುಗಿಸಬೇಕು. ಒಪ್ಪಿಗೆಯಾಗದಿದ್ದರೆ ಕಾರ್ಮಿಕ ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿ ಹೋಗಲು 60 ದಿನಗಳ ಅವಕಾಶವಿದೆ. ಸೇವಾ ಷರತ್ತುಗಳಲ್ಲಿ ಕೆಲವನ್ನು, ಅದರಲ್ಲಿ ದರ್ಜೆವಾರು ವರ್ಗೀಕರಣವೂ ಒಂದು, ಬದಲಿಸಬೇಕಾದರೆ ಉದ್ಯೋಗದಾತರು 21 ದಿನ ಮೊದಲು ನೋಟಿಸ್ ಕೊಡಬೇಕು.

‘ನಾನು ಕಾರ್ಮಿಕನಲ್ಲ, ಲೀಡ್ ಅಲ್ಲವೇ?’ ಎಂದು ಹಲವರು ಇಲ್ಲೇ ನಿಂತುಬಿಡುತ್ತಾರೆ. ತಿಂಗಳಿಗೆ 18 ಸಾವಿರ ರೂಪಾಯಿಗಿಂತ ಹೆಚ್ಚು ವೇತನದ ಮೇಲ್ವಿಚಾರಕರು, ಮ್ಯಾನೇಜರ್ ಕೆಲಸ ಮಾಡುವವರು ಸಂಹಿತೆಯ ಕಾರ್ಮಿಕ ವ್ಯಾಖ್ಯೆಯಿಂದ ಹೊರಗಿದ್ದಾರೆ, ನಿಜ. ಆದರೆ ತಾಂತ್ರಿಕ ಕೆಲಸ ಮಾಡುವವರಿಗೆ ಆ ಸಂಬಳದ ಮಿತಿ ಇಲ್ಲ. ಹುದ್ದೆಯ ಹೆಸರು ಏನೇ ಇರಲಿ, ದಿನದ ಮುಖ್ಯ ಕೆಲಸ ಯಾವುದು ಎಂಬುದನ್ನೇ ನೋಡಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲಿ ಸೀಬಾ ಗೈಗಿ ಕಂಪನಿಯ ನೌಕರನ ಪ್ರಕರಣದಲ್ಲಿ ಹೇಳಿದೆ. ಇಡೀ ದಿನ ಕೋಡ್ ಬರೆಯುತ್ತಾ ಜತೆಗೆ ನಾಲ್ವರ ಕೆಲಸ ನೋಡುತ್ತಿದ್ದ ಲೀಡ್ ಈ ವ್ಯಾಖ್ಯೆಯೊಳಗೆ ಬರಬಹುದು. ತಂಡವನ್ನು ಕಿತ್ತುಕೊಂಡು ಬರೀ ಕೋಡ್ ಬರೆಯಲು ಕೂರಿಸಿದ ಮೇಲಂತೂ ಅವರು ಇನ್ನಷ್ಟು ಹತ್ತಿರವಾಗುತ್ತಾರೆ. ಪ್ರತಿ ಪ್ರಕರಣವೂ ಬೇರೆ, ಆದ್ದರಿಂದ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕಾಣುವುದು ಒಳ್ಳೆಯದು.

ವ್ಯಾಖ್ಯೆಯ ಹೊರಗೆ ಉಳಿದವರಿಗೆ ದಾರಿ ಕಿರಿದು. ಖಾಸಗಿ ಸೇವೆಯ ಒಪ್ಪಂದವನ್ನು ನ್ಯಾಯಾಲಯ ಬಲವಂತವಾಗಿ ಜಾರಿ ಮಾಡಿಸುವುದಿಲ್ಲ; ಹೆಚ್ಚೆಂದರೆ ಪರಿಹಾರ ಕೇಳಬಹುದು. ಸ್ಥಾನ ವಾಪಸ್ ಸಿಗುತ್ತದೆ ಎಂಬ ಭರವಸೆಯನ್ನು ನಾನು ಯಾರಿಗೂ ಕೊಡಲಾರೆ.

ಹೆರಿಗೆ ರಜೆ ಮುಗಿಸಿ ಬಂದ ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆರು ತಿಂಗಳ ನಂತರ ಬಂದಾಗ ತಂಡ ಇನ್ನೊಬ್ಬರ ಕೈಯಲ್ಲಿ, ‘ಮಗು ಚಿಕ್ಕದು, ನಿಮಗೇ ಕಷ್ಟ ಆಗಬಾರದಲ್ಲ’ ಎಂಬ ಕಾಳಜಿಯ ಮಾತು. ಕಾಳಜಿ ನಿಜವೇ ಇರಬಹುದು, ಕೇಳದೆ ತೋರಿಸಿದ ಕಾಳಜಿಯಿಂದ ಆಕೆಯ ಐದು ವರ್ಷದ ದುಡಿಮೆ ಹೋಗುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಕಲಂ ರಜೆಯ ಅವಧಿಯಲ್ಲಾಗಲಿ, ರಜೆಯ ಕಾರಣಕ್ಕಾಗಲಿ ಕೆಲಸದಿಂದ ತೆಗೆಯುವುದನ್ನು ಮಾತ್ರವಲ್ಲ, ಆಕೆಗೆ ನಷ್ಟವಾಗುವಂತೆ ಸೇವಾ ಷರತ್ತು ಬದಲಿಸುವುದನ್ನೂ ಕಾನೂನುಬಾಹಿರ ಎಂದಿತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ. ಇಂಥ ಸ್ಥಿತಿಯಲ್ಲಿರುವ ತಾಯಂದಿರು ದಯವಿಟ್ಟು ಸುಮ್ಮನಿರಬೇಡಿ. ನಿಮ್ಮ ಕೈಯಲ್ಲಿರುವ ಕಾನೂನು ಉಳಿದವರದಕ್ಕಿಂತ ಗಟ್ಟಿಯಾಗಿದೆ.

ಅನ್ಯಾಯವೇ ಆಗಿದೆಯೇ ಎಂಬುದನ್ನೂ ತಣ್ಣಗೆ ಕುಳಿತು ನೋಡಬೇಕು, ಮೊದಲ ವಾರ ಅದು ಆಗದ ಮಾತು. ಒಂದು ಹಂತವನ್ನೇ ಕಂಪನಿ ತೆಗೆದಿದ್ದರೆ ನಿಮ್ಮಂತೆ ಪಕ್ಕದ ತಂಡದ ಲೀಡ್‌ಗಳೂ ಇಳಿದಿರುತ್ತಾರೆ. ಅದು ನಷ್ಟ, ಆದರೆ ನಿಮ್ಮ ಮೇಲಿನ ತೀರ್ಪಲ್ಲ. ನಿಮ್ಮೊಬ್ಬರನ್ನೇ ಇಳಿಸಿದ್ದರೆ, ಕಳೆದ ಅಪ್ರೈಸಲ್ ಚೆನ್ನಾಗಿದ್ದರೆ, ನಡುವೆ ಒಂದೂ ಎಚ್ಚರಿಕೆ ಬಂದಿರದಿದ್ದರೆ, ಅದಕ್ಕೆ ಸ್ವಲ್ಪ ಮೊದಲು ನೀವು ದೂರು ಕೊಟ್ಟಿದ್ದರೆ ಅಥವಾ ವಾರಾಂತ್ಯದ ಕೆಲಸಕ್ಕೆ ತಂಡದ ಪರವಾಗಿ ಬೇಡ ಎಂದಿದ್ದರೆ, ಆ ಸಾಲುಸಾಲು ಘಟನೆಗಳನ್ನು ತಾರೀಕಿನ ಸಮೇತ ಬರೆದಿಡಿ. ನಿಮ್ಮ ಕೆಳಗಿದ್ದವರಲ್ಲಿ ನಂಬಿಕಸ್ಥರೊಬ್ಬರನ್ನು ‘ನಿಜ ಹೇಳಪ್ಪಾ, ನನ್ನ ಕೈಕೆಳಗೆ ಕೆಲಸ ಮಾಡೋದು ಹೇಗಿತ್ತು?’ ಎಂದು ಕೇಳುವುದೂ ಬೇಕು. ಉತ್ತರ ಕಹಿಯಾಗಿದ್ದರೆ ಅದರಿಂದ ಮುಂದಿನ ತಂಡಕ್ಕೆ ಉಪಯೋಗವಿದೆ.

ಕಾರಣ ತಿಳಿಯದಿರುವುದು ಎಷ್ಟು ಕೆಡಿಸುತ್ತದೆ ಎಂಬುದಕ್ಕೆ ಅಮೆರಿಕದ ಕಾರ್ಖಾನೆಗಳ ಒಂದು ಅಧ್ಯಯನವನ್ನು ಹೇಳಬೇಕು. ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ್ದು. ಒಂದೇ ಕಂಪನಿಯ ಎರಡು ಘಟಕಗಳಲ್ಲಿ ಹತ್ತು ವಾರ ಶೇ 15ರಷ್ಟು ಸಂಬಳ ಕಡಿತವಾಯಿತು. ಒಂದರಲ್ಲಿ ಮುಖ್ಯಸ್ಥರು ಒಂದೂವರೆ ಗಂಟೆ ನಿಂತು ಲೆಕ್ಕ ತೋರಿಸಿ, ವಿಷಾದ ಹೇಳಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಇನ್ನೊಂದರಲ್ಲಿ ಕಾಲು ಗಂಟೆಯಲ್ಲಿ ಮಾತು ಮುಗಿಯಿತು. ಕಡಿತ ಎರಡೂ ಕಡೆ ಅಷ್ಟೇ. ಆದರೆ ವಿವರಣೆ ಸಿಗದ ಘಟಕದಲ್ಲಿ ಕಳ್ಳತನ ಬಹಳ ಹೆಚ್ಚಿತು, ಕೆಲಸ ಬಿಟ್ಟವರೂ ಅಲ್ಲೇ ಹೆಚ್ಚು. ವೈಟ್‌ಫೀಲ್ಡಿನ ಮ್ಯಾನೇಜರ್‌ಗಳು, ಪೀಣ್ಯದ ಮಾಲೀಕರು ಇದನ್ನು ತಮ್ಮ ಲಾಭದ ದೃಷ್ಟಿಯಿಂದಲಾದರೂ ಓದಿಕೊಳ್ಳಲಿ.

ದರ್ಜೆಗೂ ದೇಹಕ್ಕೂ ನಂಟಿದೆ ಎಂದು 1967ರಿಂದ ಬ್ರಿಟನ್ನಿನ ಸುಮಾರು 18 ಸಾವಿರ ಸರ್ಕಾರಿ ನೌಕರರನ್ನು ಗಮನಿಸಿದ ವೈಟ್‌ಹಾಲ್ ಅಧ್ಯಯನ ತೋರಿಸಿತು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಂತೆ ಹೃದ್ರೋಗದ ಸಾವು ಏರುತ್ತಿತ್ತು. ಅದು ಹಿಂಬಡ್ತಿಯ ಅಧ್ಯಯನವಲ್ಲ, ಆದರೂ ಸ್ಥಾನ ಹೋದವರು ‘ನಿದ್ದೆ ಬರ್ತಿಲ್ಲ, ಎದೆ ಭಾರ’ ಅಂದಾಗ ಅದನ್ನು ದೌರ್ಬಲ್ಯ ಎನ್ನಬಾರದು. ಡಾಕ್ಟರ ಬಳಿ ಹೋಗಿ. ನಿಮ್ಹಾನ್ಸ್ ಅನ್ನು ಕೇಂದ್ರವಾಗಿಟ್ಟುಕೊಂಡು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಮನೆಯವರಿಂದ ಮುಚ್ಚಿಡಬೇಡಿ. ದಿನಾ ಬೆಳಿಗ್ಗೆ ಸಿಲ್ಕ್ ಬೋರ್ಡ್ ದಾಟಿ ಹೋಗುವವರ ಮುಖ ನೋಡಿಯೇ ಹೆಂಡತಿಗೋ ಗಂಡನಿಗೋ ಏನೋ ಆಗಿದೆ ಎಂದು ತಿಳಿದಿರುತ್ತದೆ. ಹೇಳದಿದ್ದರೆ ಅವರು ಊಹಿಸಿಕೊಳ್ಳುವುದು ಇದಕ್ಕಿಂತ ದೊಡ್ಡದಾಗಿರುತ್ತದೆ.

1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಪೆರಾ, ಪೆನ್ನಿಬೇಕರ್ ಮತ್ತಿತರ ಸಂಶೋಧಕರು ಕೆಲಸ ಕಳೆದುಕೊಂಡ ಎಂಜಿನಿಯರುಗಳಲ್ಲಿ ಕೆಲವರಿಗೆ ತಮ್ಮ ನೋವು, ಸಿಟ್ಟುಗಳನ್ನು ಕೆಲವು ದಿನ ಬರೆಯಲು ಹೇಳಿದರು. ಬರೆದವರಿಗೆ ಉಳಿದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತು. ಸಿಟ್ಟು ಕಾಗದದ ಮೇಲೆ ಇಳಿದಿದ್ದರೆ ಸಂದರ್ಶನದಲ್ಲಿ ಹಳೆಯ ಬಾಸ್ ಮೇಲೆ ಹರಿಹಾಯುವ ಸಂದರ್ಭ ಕಡಿಮೆ. ಯಾಕೆ ಲೀಡ್ ಅಲ್ಲ ಎಂಬ ಪ್ರಶ್ನೆಗೆ ‘ಕಂಪನಿ ತಂಡಗಳನ್ನು ಬದಲಿಸಿತು, ಅದಕ್ಕೆ ಮೊದಲು ಎಂಟು ಜನರ ತಂಡದೊಂದಿಗೆ ಈ ಕೆಲಸಗಳನ್ನು ಮುಗಿಸಿದ್ದೆ’ ಎಂಬ ಎರಡು ವಾಕ್ಯ ಸಾಕು. ಎರಡೂ ಸತ್ಯವಾಗಿರಬೇಕು.

ರಾತ್ರೋರಾತ್ರಿ ರಾಜೀನಾಮೆ ಬೇಡ. ಐಟಿಯಲ್ಲಿ 90 ದಿನದ ನೋಟಿಸ್ ಅವಧಿ ಸಾಮಾನ್ಯ, ಮನೆ ಸಾಲದ ಕಂತು ಯಾರಿಗೂ ಕಾಯುವುದಿಲ್ಲ. ಐದು ವರ್ಷ ತುಂಬಲು ಕೆಲವೇ ತಿಂಗಳಿದ್ದರೆ ಗ್ರಾಚ್ಯುಟಿಯೂ ಲೆಕ್ಕದಲ್ಲಿರಲಿ. ಹೊರಡುವುದಾದರೆ ನಿಮ್ಮ ತಾರೀಕಿಗೆ, ಕೈಯಲ್ಲಿ ಇನ್ನೊಂದು ಕೆಲಸದ ಪತ್ರ ಇಟ್ಟುಕೊಂಡು ಹೊರಡಿ. ನಿಮ್ಮ ಜಾಗಕ್ಕೆ ಬಂದವರ ಮೇಲೆ ಹಗೆ ಬೇಡ. ಬಹುಪಾಲು ಸಂದರ್ಭಗಳಲ್ಲಿ ಅವರನ್ನೂ ಕೇಳಿ ಕೂರಿಸಿರುವುದಿಲ್ಲ.

ಪೀಣ್ಯದ ಸಣ್ಣ ಘಟಕಗಳಿಗೆ ಈ ಸಲಹೆಗಳಲ್ಲಿ ಅರ್ಧ ನಾಟುವುದಿಲ್ಲ. ಅಲ್ಲಿ ಎಚ್‌ಆರ್ ಇಲ್ಲ, ಇಮೇಲ್ ಇಲ್ಲ, ಸಂಹಿತೆಯ ಸ್ಥಾಯಿ ಆದೇಶ 300 ಕಾರ್ಮಿಕರಿಂದ ಮೇಲಿನವರಿಗೆ ಮಾತ್ರ. ಆದರೂ ಮಾಲೀಕರಿಗೆ ಕನ್ನಡದಲ್ಲೇ ಒಂದು ಪತ್ರ ಬರೆದು, ಇನ್ನೊಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಬಹುದು. ಸಹಿ ಹಾಕದಿದ್ದರೆ ವಾಟ್ಸ್‌ಆ್ಯಪಿನಲ್ಲಿ ಅದರ ಫೋಟೊ ಕಳಿಸಬಹುದು. ಹಾಜರಿ ಪುಸ್ತಕದಲ್ಲಿ, ಶಿಫ್ಟ್ ರಿಜಿಸ್ಟರಿನಲ್ಲಿ ಇನ್‌ಚಾರ್ಜ್ ಎಂದು ನೀವು ಸಹಿ ಹಾಕಿದ್ದ ಪುಟಗಳಿವೆ ಎಂಬುದು ನೆನಪಿರಲಿ. ನಾಳೆ ವಿವಾದವಾದರೆ ಅವುಗಳನ್ನು ಹಾಜರುಪಡಿಸಿ ಎಂದು ಕೇಳಬಹುದು.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಮಿಕ ಇಲಾಖೆಗೆ ನನ್ನದೊಂದು ಬೇಡಿಕೆ ಇದೆ. ಐಟಿ ಕಂಪನಿಗಳು ಹಿಂಬಡ್ತಿಯ ಮಾಹಿತಿ ಕೊಡಬೇಕೆಂದು ಷರತ್ತು ಹಾಕಿದ್ದು ಸರ್ಕಾರವೇ. ವರ್ಷಕ್ಕೆ ಎಷ್ಟು ಕಂಪನಿಗಳು ಎಷ್ಟು ಹಿಂಬಡ್ತಿಗಳನ್ನು ತಿಳಿಸಿದವು ಎಂಬ ಲೆಕ್ಕವನ್ನು, ಯಾರ ಹೆಸರೂ ಇಲ್ಲದೆ, ಇಲಾಖೆ ಪ್ರತಿ ವರ್ಷ ಪ್ರಕಟಿಸಲಿ. ಕುಂದುಕೊರತೆ ಸಮಿತಿಯ ಸದಸ್ಯರ ಹೆಸರನ್ನು ಪ್ರತಿ ಕಂಪನಿ ನೌಕರರಿಗೆ ಕಾಣುವಂತೆ ಹಾಕಿದೆಯೇ ಎಂದು ಪರಿಶೀಲಿಸಲಿ. ಹೊಸ ಸಂಹಿತೆಯ ಕಾಲದಲ್ಲೂ ಈ ಷರತ್ತನ್ನು ಕೈಬಿಡದಿರಲಿ.